ಅಪ್ಪ, ನಮ್ಮ ಬೆಟ್ಟ ಯಾವುದು?

ರಾತ್ರಿ ಊಟಕ್ಕೆ ಕೂತಾಗ ಮಗಳು ಈ ಪ್ರಶ್ನೆ ಕೇಳಿದಳು. ಆಗ ಅವಳಿಗೆ 9 ವರ್ಷ. ನಾವಿರುವುದು ನ್ಯೂಜಿಲೆಂಡಿನ ಆಕ್ಲೆಂಡ್ ನಗರದಲ್ಲಿ. ನನ್ನ ಊರು ತುಮಕೂರು ಜಿಲ್ಲೆಯ ಕೊರಟಗೆರೆ ಕಡೆ. ಬೆಟ್ಟದ ವಿಷಯ ಯಾಕೆ ಬಂತು ಅಂತ ಮೊದಲು ತಿಳಿಯಲಿಲ್ಲ. ಶಾಲೆಯಿಂದ ತಂದ ಒಂದು ಹಾಳೆ ತೋರಿಸಿದಳು. ಅದರಲ್ಲಿ ತುಂಬಲು ಬಿಟ್ಟ ಖಾಲಿ ಜಾಗಗಳಿದ್ದವು. ನಮ್ಮ ಬೆಟ್ಟ ಇಂಥದ್ದು, ನಮ್ಮ ಹೊಳೆ ಇಂಥದ್ದು, ನಮ್ಮ ಹಿರಿಯರು ಇಂಥವರು. ತನ್ನ ಹೆಸರು ಬರುವುದು ಎಲ್ಲಕ್ಕಿಂತ ಕೊನೆಗೆ.

ಇದಕ್ಕೆ ಪೆಪೆಹಾ ಅನ್ನುತ್ತಾರೆ. ಇಲ್ಲಿನ ಮೂಲ ನಿವಾಸಿಗಳಾದ ಮಾವೊರಿ ಜನ ತಮ್ಮ ಪರಿಚಯ ಹೇಳಿಕೊಳ್ಳುವ ಬಗೆ ಇದು. ಮುಂದಿನ ವಾರ ಅವಳ ತರಗತಿಯ ಮಕ್ಕಳೆಲ್ಲ ಒಂದು ರಾತ್ರಿ ಮರಾಯೆಯಲ್ಲಿ ಉಳಿಯುವುದಿತ್ತು. ಮರಾಯೆ ಅಂದರೆ ಮಾವೊರಿ ಸಮುದಾಯ ಸೇರುವ ಅಂಗಳ, ಅದರ ಜೊತೆಗಿರುವ ಸಭಾಮನೆ. ಅಲ್ಲಿ ಪ್ರತಿ ಮಗುವೂ ಎದ್ದು ನಿಂತು ತನ್ನ ಬೆಟ್ಟ, ಹೊಳೆ ಹೇಳಬೇಕು.

"ಬೆಟ್ಟ ದೇವರಾಯನದುರ್ಗ. ಹೊಳೆ ಜಯಮಂಗಲಿ" ಅಂದೆ.

"ನೀನು ನೋಡಿದ್ದೀಯಾ ಅಪ್ಪ?"

ನೋಡಿದ್ದೆ. ಆರನೇ ಕ್ಲಾಸಿನಲ್ಲಿ ಹೊರಸಂಚಾರಕ್ಕೆ ಹೋಗಿದ್ದೆವು. ನಾಮದ ಚಿಲುಮೆಯ ಹತ್ತಿರ ಮರದ ನೆರಳಲ್ಲಿ ಕೂತು ಬುತ್ತಿ ಬಿಚ್ಚಿದ್ದು ಇವತ್ತಿಗೂ ನೆನಪಿದೆ. ಎಲ್ಲರ ಡಬ್ಬಿಯಲ್ಲೂ ಚಿತ್ರಾನ್ನವೋ ಪುಳಿಯೋಗರೆಯೋ. ರಾಮ ಬಾಣ ಬಿಟ್ಟು ಬಂಡೆಯಲ್ಲಿ ನೀರು ತರಿಸಿದ ಕಥೆ ಹೇಳಿದ ಮೇಲೆ ನಮ್ಮ ಮೇಷ್ಟ್ರು ಇನ್ನೊಂದು ಮಾತು ಹೇಳಿದರು. ಈ ಬೆಟ್ಟದ ಒಂದು ಕಡೆ ಬಿದ್ದ ಮಳೆ ಜಯಮಂಗಲಿಯಾಗಿ ನಮ್ಮ ಕೊರಟಗೆರೆ, ಮಧುಗಿರಿ ಕಡೆ ಹರಿದು ಪೆನ್ನಾರ್ ಸೇರುತ್ತೆ. ಇದೇ ಬೆಟ್ಟಸಾಲಿನಲ್ಲಿ ಹುಟ್ಟುವ ಶಿಂಷಾ ಕಾವೇರಿ ಸೇರುತ್ತೆ. ಹೇಳಿ ಕೈಯಲ್ಲಿದ್ದ ಕಡ್ಡಿಯಿಂದ ಮಣ್ಣಿನ ಮೇಲೆ ಎರಡು ಗೆರೆ ಎಳೆದರು. ಭೂಗೋಳದ ಪುಸ್ತಕದಲ್ಲಿ ನಾನು ಬಾಯಿಪಾಠ ಮಾಡಿದ ಉಪನದಿಗಳ ಪಟ್ಟಿ ಪರೀಕ್ಷೆ ಮುಗಿದ ವಾರಕ್ಕೇ ಮರೆತುಹೋಯಿತು. ಆ ಎರಡು ಗೆರೆ ಮಾತ್ರ 30 ವರ್ಷ ಕಳೆದರೂ ಅಳಿಸಿಲ್ಲ.

ಮಗಳ ಹಾಳೆಯಲ್ಲಿ ಆ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಟ್ಟೆ. ದೇವರಾಯನದುರ್ಗ ಅನ್ನುವುದಕ್ಕೆ ಖಾಲಿ ಬಿಟ್ಟ ಜಾಗ ಸಾಲಲಿಲ್ಲ.

ಮರಾಯೆಯ ರಾತ್ರಿ ಹೇಗಿತ್ತು ಅಂತ ವಾಪಸ್ ಬಂದವಳು ಎರಡು ದಿನ ಹೇಳಿದ್ದೇ ಹೇಳಿದ್ದು. ಸಭಾಮನೆಯ ಬಾಗಿಲಲ್ಲೇ ಚಪ್ಪಲಿ, ಬೂಟು ಬಿಡಬೇಕು. ಆ ಮನೆ ಒಬ್ಬ ಪೂರ್ವಜರ ಮೈ ಇದ್ದ ಹಾಗೆ. ಮೇಲಿನ ತೊಲೆ ಬೆನ್ನುಮೂಳೆ, ಇಳಿಜಾರಿನ ಅಡ್ಡಪಟ್ಟಿಗಳು ಪಕ್ಕೆಲುಬು. ಒಳಗೆ ಊಟ ಮಾಡುವ ಹಾಗಿಲ್ಲ. ಗೋಡೆಗೆ ಸಾಲಾಗಿ ಹಾಸಿಗೆ ಹಾಕಿ ಎಲ್ಲರೂ ಒಟ್ಟಿಗೆ ಮಲಗುವುದು. ದಿಂಬಿನ ಮೇಲೆ ಮಾತ್ರ ಯಾರೂ ಕೂರಬಾರದು, ಯಾಕೆಂದರೆ ಅದು ತಲೆ ಇಡುವ ಜಾಗ, ತಲೆ ಪವಿತ್ರ. "ಅಜ್ಜಿನೂ ಇದನ್ನೇ ಹೇಳ್ತಾರಲ್ಲಪ್ಪ!" ಅಂದಳು. ನಮ್ಮಮ್ಮ ಫೋನಿನಲ್ಲಿ ಇದನ್ನು ಕೇಳಿ ಬಹಳ ಖುಷಿಪಟ್ಟರು. ದಿಂಬಿನ ಮೇಲೆ ಕೂತರೆ ಕುರು ಏಳುತ್ತೆ ಅಂತ ನಮ್ಮನ್ನೆಲ್ಲ ಗದರಿಸಿದವರು ಅವರು. ಭೂಮಿಯ ಇನ್ನೊಂದು ತುದಿಯ ಜನಕ್ಕೂ ಅದೇ ನಡಾವಳಿ ಇದೆ ಅನ್ನುವುದು ಮೊಮ್ಮಗಳಿಂದ ಗೊತ್ತಾಯಿತು. ಹೊಸ ಜಾಗದಲ್ಲಿ ಒಂದು ರಾತ್ರಿ ಮಲಗಿ ಎದ್ದದ್ದಕ್ಕೆ ಸಿಕ್ಕ ಪಾಠ ಇದು. ಸಮಾಜ ವಿಜ್ಞಾನದ ಅಧ್ಯಾಯದಲ್ಲಿ ಇದನ್ನು ಹೇಗೆ ಬರೆದರೂ ಅವಳಿಗೆ ಅಜ್ಜಿಯ ನೆನಪು ಬರುತ್ತಿರಲಿಲ್ಲ.

ಇಲ್ಲಿನ ಶಾಲೆಗಳಲ್ಲಿ ತರಗತಿಯ ಹೊರಗಿನ ಕಲಿಕೆ ಅನ್ನುವುದು ಪಠ್ಯಕ್ರಮದ ಒಂದು ಭಾಗವೇ. ಅದರಲ್ಲಿ ಎಲ್ಲಕ್ಕಿಂತ ದೊಡ್ಡದು ಕ್ಯಾಂಪು. ಹತ್ತು ಹನ್ನೊಂದು ವರ್ಷದ ಮಕ್ಕಳು ಎರಡೋ ಮೂರೋ ರಾತ್ರಿ ಅಪ್ಪ ಅಮ್ಮನನ್ನು ಬಿಟ್ಟು, ಸಹಪಾಠಿಗಳ ಜೊತೆ ಕಾಡಿನಂಚಿನಲ್ಲೋ ಕಡಲ ಬದಿಯಲ್ಲೋ ಇದ್ದು ಬರುತ್ತಾರೆ. ದೊಡ್ಡವರಾದ ಮೇಲೂ ಇಲ್ಲಿನ ಜನ ತಮ್ಮ ಶಾಲೆ ಅಂದ ತಕ್ಷಣ ಮೊದಲು ಹೇಳುವುದು ಕ್ಯಾಂಪಿನ ಕಥೆಯನ್ನೇ. ನನ್ನ ಆಫೀಸಿನಲ್ಲಿ ನಿವೃತ್ತಿಗೆ ಹತ್ತಿರವಾದವರು ಕೂಡ ಆ ಮೂರು ದಿನದ ಮಳೆ, ಕೆಸರು, ಸುಟ್ಟ ಪ್ಯಾನ್‌ಕೇಕಿನ ಬಗ್ಗೆ ಹೇಳುತ್ತಾರೆ.

ಮಗಳ ಕ್ಯಾಂಪಿನ ಪತ್ರ ಮನೆಗೆ ಬಂದಾಗ ನಾನು ಬೇಡ ಅಂದಿದ್ದೆ. ಹುಷಾರಿಲ್ಲದಾದರೆ? ರಾತ್ರಿ ಹೆದರಿಕೊಂಡರೆ? ಊಟ ಸೇರದಿದ್ದರೆ? ಎರಡು ವಾರ ಸಹಿ ಹಾಕಲಿಲ್ಲ. ಕೊನೆಗೆ ಅವಳ ಟೀಚರ್ ಕರೆದು, ನೀವೂ ಸಹಾಯಕರಾಗಿ ಬನ್ನಿ ಅಂದರು. ಕ್ಯಾಂಪಿಗೆ ಪಾಲಕರು ಜೊತೆ ಹೋಗುವುದು ಇಲ್ಲಿ ಮಾಮೂಲಿ. ಮೊದಲು ಪೊಲೀಸ್ ಪರಿಶೀಲನೆ ಆಗಬೇಕು. ಹಾಗಾಗಿ ಮೂರು ದಿನ ರಜೆ ಹಾಕಿ ನಾನೂ ಹೋದೆ. ಇವತ್ತು ಇಷ್ಟೆಲ್ಲ ಬರೆಯುತ್ತಿರುವುದು ಆ ಮೂರು ದಿನದಿಂದಲೇ.

ಹೋಗುವ ಮೊದಲು ಒಂದು ಪಟ್ಟಿ ಬಂತು. ಟಾರ್ಚು, ಮಳೆ ಕೋಟು, ಕೆಸರಾದರೂ ಪರವಾಗಿಲ್ಲ ಅನ್ನುವಂಥ ಹಳೇ ಬೂಟು, ಬಿಸಿಲ ಟೋಪಿ, ಪಾತ್ರೆ ಒರೆಸುವ ಬಟ್ಟೆ ಒಂದು. ಫೋನ್ ತರುವಂತಿಲ್ಲ. ತಿಂಡಿಯನ್ನೂ ತರುವಂತಿಲ್ಲ. ನನ್ನ ಹೆಂಡತಿ ಕಡ್ಲೆಕಾಯಿ ಬೀಜದ ಚಟ್ನಿಪುಡಿ ಕಟ್ಟಿದ್ದಳು, ಅದನ್ನು ವಾಪಸ್ ತೆಗೆದಿಡಬೇಕಾಯಿತು. ಕಡ್ಲೆಕಾಯಿ ಆಗದ ಮಕ್ಕಳಿದ್ದರು. ಆರೋಗ್ಯದ ಫಾರಂನಲ್ಲಿ ಅಲರ್ಜಿ, ಔಷಧಿ, ಸಸ್ಯಾಹಾರವೋ ಅಲ್ಲವೋ ಎಲ್ಲ ಕೇಳಿದ್ದರು. ಈಜು ಎಷ್ಟು ಬರುತ್ತೆ ಅನ್ನುವುದನ್ನೂ ಕೇಳಿದ್ದರು. ನಿಲ್ಲದೆ ಎಷ್ಟು ಮೀಟರ್ ಈಜಬಲ್ಲಳು ಅಂತ ಬರೆಯಬೇಕಿತ್ತು.

ಕ್ಯಾಂಪು ಆಕ್ಲೆಂಡಿನ ದಕ್ಷಿಣಕ್ಕಿರುವ ಹುನುವಾ ಬೆಟ್ಟಗಳ ಕಡೆ. ಕಯಾಕು ಅನ್ನುವ ಸಣ್ಣ ದೋಣಿ, ಹಗ್ಗ ಹಿಡಿದು ಜಾರುವುದು, ಪೀಪಾಯಿಗಳನ್ನು ಕಟ್ಟಿ ತೆಪ್ಪ ಮಾಡುವುದು ಎಲ್ಲ ಇತ್ತು. ಅವುಗಳ ಬಗ್ಗೆ ನಾನು ಜಾಸ್ತಿ ಹೇಳುವುದಿಲ್ಲ. ಚೆನ್ನಾಗಿದ್ದವು, ಮಕ್ಕಳು ಕುಣಿದಾಡಿದರು. ನನ್ನ ಮನಸ್ಸಿನಲ್ಲಿ ಉಳಿದದ್ದು ಪಾತ್ರೆ ತೊಳೆಯುವ ಜಾಗ.

ಊಟದ ಮನೆಯ ಹಿಂದೆ ಒಂದು ಉದ್ದನೆಯ ಕಟ್ಟೆ. ಅದರ ಮೇಲೆ ಮೂರು ದೊಡ್ಡ ಟಬ್ಬು. ಒಂದರಲ್ಲಿ ಬಿಸಿ ಸೋಪುನೀರು, ಇನ್ನೆರಡರಲ್ಲಿ ಜಾಲಿಸುವ ನೀರು. ಪ್ರತಿ ಊಟಕ್ಕೆ ಎಂಟು ಮಕ್ಕಳ ಒಂದು ಗುಂಪಿನ ಸರದಿ. ಎಪ್ಪತ್ತು ಚಿಲ್ಲರೆ ಜನರ ತಟ್ಟೆ ಲೋಟ ಅವರೇ ತೊಳೆಯಬೇಕು. ಮೊದಲ ರಾತ್ರಿ ನನ್ನ ಗುಂಪಿನ ಒಬ್ಬ ಹುಡುಗ ತಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ನಿಂತಿದ್ದ. ಮ್ಯಾಕರೋನಿ ಒಣಗಿ ಅಂಟಿಕೊಂಡಿತ್ತು. ಮನೆಯಲ್ಲಿ ಡಿಷ್‌ವಾಷರ್ ಇರುವ ಮಗು, ಕೈಯಿಂದ ಪಾತ್ರೆ ಉಜ್ಜಿದ್ದೇ ಇಲ್ಲ. ನಾನು ಕೈ ಹಾಕಲು ಹೋದೆ. ಟೀಚರ್ ಕಣ್ಣಲ್ಲೇ ತಡೆದರು. ಸಹಾಯಕ್ಕೆ ಬಂದ ಪಾಲಕರಿಗೆ ಮೊದಲೇ ಹೇಳಿದ್ದ ಮಾತೊಂದಿತ್ತು: ನಿಮ್ಮ ಕೈ ಜೇಬಿನಲ್ಲಿರಲಿ. ನಾನು ನಿಂತು ನೋಡಿದೆ. ಪಕ್ಕದ ಹುಡುಗಿ ಉಗುರಿನಿಂದ ಕೆರೆದು ತೋರಿಸಿದಳು. ಅವನು ಕೆರೆದ. ಹೋಗಲಿಲ್ಲ. ನೀರಲ್ಲಿ ನೆನೆಸಿಟ್ಟ. ಐದು ನಿಮಿಷ ಬಿಟ್ಟು ತೆಗೆದರೆ ಸಲೀಸಾಗಿ ಬಂತು. ಅವನ ಮುಖ ನೋಡಬೇಕಿತ್ತು. ಮೂರನೇ ದಿನ ಅದೇ ಹುಡುಗ ಬೇರೆ ಗುಂಪಿನವರಿಗೆ "ಮೊದಲು ನೆನೆಸಿ, ಆಮೇಲೆ ಉಜ್ಜಿ" ಅಂತ ಹೇಳಿಕೊಡುತ್ತಿದ್ದ.

ಎರಡನೇ ರಾತ್ರಿ ಹಗ್ಗದ ನಡಿಗೆ. ಕಾಡಿನಲ್ಲಿ ಮರದಿಂದ ಮರಕ್ಕೆ ಸೊಂಟದ ಎತ್ತರಕ್ಕೆ ಹಗ್ಗ ಕಟ್ಟಿರುತ್ತಾರೆ. ಟಾರ್ಚು ಹಾಕುವಂತಿಲ್ಲ. ಕತ್ತಲಲ್ಲಿ ಹಗ್ಗ ಹಿಡಿದು ಸಾಲಾಗಿ ನಡೆಯಬೇಕು. ಒಂದೊಂದು ಕಡೆ ಒಬ್ಬೊಬ್ಬ ದೊಡ್ಡವರು ಸದ್ದಿಲ್ಲದೆ ನಿಂತಿರುತ್ತಾರೆ, ಏನಾದರೂ ಆದರೆ ಇರಲಿ ಅಂತ. ನಾನು ಒಂದು ತಿರುವಿನ ಮರದ ಪಕ್ಕ ನಿಂತಿದ್ದೆ. ದೂರದಲ್ಲಿ ರುರು ಗೂಬೆ ಕೂಗುತ್ತಿತ್ತು. ಕೂಗಿಗೇ ಆ ಹೆಸರು ಬಂದಿದೆ. ಮಕ್ಕಳ ಹೆಜ್ಜೆ ಸದ್ದು ಹತ್ತಿರ ಬಂತು. ಮುಂದೆ ಇದ್ದದ್ದು ನನ್ನ ಮಗಳು ಅಂತ ಉಸಿರಿನಲ್ಲೇ ಗೊತ್ತಾಯಿತು. ಅಪ್ಪ ಅಲ್ಲೇ ಇದ್ದಾನೆ ಅಂತ ಅವಳಿಗೆ ಗೊತ್ತಿರಲಿಲ್ಲ. ಮರದ ಬುಡದಲ್ಲಿ ಒಂದು ಬೇರು ಎದ್ದಿತ್ತು. ಕಾಲು ತಾಗಿ ಎಡವಿದಳು. ಒಂದು ಕ್ಷಣ ನಿಂತಳು. ಆಮೇಲೆ ಹಿಂದೆ ತಿರುಗಿ, "ಇಲ್ಲೊಂದು ಬೇರಿದೆ, ಎಡಗಡೆ, ಹಿಂದಿನವರಿಗೆ ಹೇಳು" ಅಂದಳು. ಆ ಮಾತು ಸಾಲಿನಲ್ಲಿ ಒಬ್ಬರಿಂದ ಒಬ್ಬರಿಗೆ ಕೊನೆಯ ತನಕ ಹೋಯಿತು. ಬೇರೆ ಯಾರೂ ಎಡವಲಿಲ್ಲ.

ಮನೆಯಲ್ಲಿ ರಾತ್ರಿ ಬಚ್ಚಲಿಗೆ ಒಬ್ಬಳೇ ಹೋಗಲು ಹೆದರುತ್ತಿದ್ದ ಮಗು ಅದು.

ಇಂಥ ಕ್ಯಾಂಪು ನನ್ನ ಬಾಲ್ಯದಲ್ಲಿ ಇರಲಿಲ್ಲ. ಇದ್ದದ್ದು ಪ್ರವಾಸ. ಪ್ರೌಢಶಾಲೆಯಲ್ಲಿ ಡಿಸೆಂಬರ್ ಬಂತು ಅಂದರೆ ನೋಟಿಸ್ ಬೋರ್ಡಿನಲ್ಲಿ ಜಾಗಗಳ ಪಟ್ಟಿ ಬೀಳುತ್ತಿತ್ತು. ಬೇಲೂರು, ಹಳೇಬೀಡು, ಶ್ರವಣಬೆಳಗೊಳ, ಧರ್ಮಸ್ಥಳ, ಮುರುಡೇಶ್ವರ, ಜೋಗ. ಮೂರು ದಿನ, ಹತ್ತು ಹನ್ನೆರಡು ಜಾಗ. ನಾನು ಒಂಬತ್ತರಲ್ಲಿ ಹೋಗಲಿಲ್ಲ, ಆ ವರ್ಷ ಮನೆಯಲ್ಲಿ ದುಡ್ಡಿರಲಿಲ್ಲ. ಹೋಗದವರಿಗೆ ಆ ಮೂರು ದಿನ ಶಾಲೆ ಇತ್ತು. ನಾವು ಹನ್ನೊಂದು ಜನ ಖಾಲಿ ಕೊಠಡಿಯಲ್ಲಿ ಕೂತಿದ್ದೆವು. ಪಾಠ ಮಾಡಲು ಯಾರೂ ಬರಲಿಲ್ಲ. ಹತ್ತರಲ್ಲಿ ಅಪ್ಪ ಹೇಗೋ ಹೊಂದಿಸಿ ಕಳಿಸಿದರು. ಬಸ್ಸಿನಲ್ಲಿ ಹಾಡು, ಕುಣಿತ, ವಾಂತಿ. ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸುತ್ತಿದ್ದರು. ಹಳೇಬೀಡಿನಲ್ಲಿ ನಲವತ್ತು ನಿಮಿಷ. ಆ ಗೋಡೆಯ ಆನೆಸಾಲು ಪೂರ್ತಿ ನೋಡುವಷ್ಟರಲ್ಲಿ ಸೀಟಿ ಊದಿದರು.

ಪ್ರವಾಸ ಬೇಡ ಅಂತ ನಾನು ಹೇಳುವುದಿಲ್ಲ. ಹಳ್ಳಿಯ ಎಷ್ಟೋ ಮಕ್ಕಳಿಗೆ ಸಮುದ್ರ ಕಾಣಿಸಿದ್ದು ಆ ಕೆಂಪು ಬಸ್ಸೇ. ನನಗೂ ಅಷ್ಟೇ. ಆದರೆ ಪ್ರವಾಸ ಬೇರೆ, ಶಿಬಿರ ಬೇರೆ. ಪ್ರವಾಸದಲ್ಲಿ ಮಗು ನೋಡುತ್ತದೆ. ಊಟ ಯಾರೋ ಹಾಕುತ್ತಾರೆ, ದಾರಿ ಡ್ರೈವರ್‌ಗೆ ಗೊತ್ತು, ಇಳಿ ಅಂದಾಗ ಇಳಿಯಬೇಕು, ಹತ್ತು ಅಂದಾಗ ಹತ್ತಬೇಕು. ಶಿಬಿರದಲ್ಲಿ ಮಗುವಿಗೆ ಕೆಲಸ ಇರುತ್ತೆ. ಅದು ಮಾಡದಿದ್ದರೆ ಇನ್ನೊಬ್ಬರ ಊಟ ತಡವಾಗುತ್ತೆ. ಹತ್ತು ಜಾಗ ನೋಡುವುದರ ಬದಲು ಒಂದೇ ಜಾಗದಲ್ಲಿ ಎರಡು ರಾತ್ರಿ ಇದ್ದರೆ ಆ ಜಾಗ ಮಗುವಿನದಾಗುತ್ತೆ. ನಾನು ಒತ್ತಿ ಹೇಳಬೇಕೆಂದಿರುವುದು ಇದೊಂದನ್ನೇ.

ಹುನುವಾದಲ್ಲಿ ಕಾಡಿಗೆ ಹೋಗುವ ದಾರಿಯ ಬಾಯಲ್ಲಿ ಬೂಟು ತೊಳೆಯುವ ಕಟ್ಟೆ ಇದೆ. ಬ್ರಷ್ಷಿನಿಂದ ಮಣ್ಣು ಉಜ್ಜಿ ತೆಗೆದು, ಔಷಧಿ ಸಿಂಪಡಿಸಿಕೊಂಡೇ ಒಳಗೆ ಹೋಗಬೇಕು. ಕೌರಿ ಅನ್ನುವ ಭಾರಿ ಮರಗಳಿಗೆ ಈ ದೇಶದಲ್ಲಿ ಬೇರಿನ ರೋಗ ಬಂದಿದೆ. ಅದು ಹರಡುವುದು ಮಣ್ಣಿನ ಮೂಲಕ. ಕಾಲಿಗೆ ಅಂಟಿದ ಚೂರು ಮಣ್ಣು ಸಾಕು, ನೂರಾರು ವರ್ಷದ ಮರ ಸಾಯಬಹುದು. ಮಕ್ಕಳು ಒಬ್ಬರ ಬೂಟು ಒಬ್ಬರು ಪರೀಕ್ಷೆ ಮಾಡಿ ಒಳಗೆ ಬಿಟ್ಟರು. ನನಗೆ ಕೊಡಗಿನ ದೇವರಕಾಡು ನೆನಪಾಯಿತು. ದೇವರ ಕಾಡು ಅಂತ ಅಲ್ಲಿ ಕೊಡಲಿ ಒಳಗೆ ಹೋಗುವುದಿಲ್ಲ. ಇಲ್ಲಿ ರೋಗದ ಕಾರಣ ಹೇಳಿ ಮಣ್ಣು ತೊಳೆಸುತ್ತಾರೆ. ಎರಡೂ ಕಡೆ ಮಗು ಬಾಗಿಲಲ್ಲಿ ಒಮ್ಮೆ ನಿಲ್ಲುತ್ತೆ.

ಅದೇ ಬೆಟ್ಟಗಳ ಅಣೆಕಟ್ಟುಗಳಿಂದ ಆಕ್ಲೆಂಡಿನ ಕುಡಿಯುವ ನೀರಿನ ದೊಡ್ಡ ಪಾಲು ಬರುತ್ತದೆ. ಮಕ್ಕಳಿಗೆ ಅದನ್ನು ತೋರಿಸಿದರು. ಮನೆಯ ನಲ್ಲಿಯ ನೀರು ಇಲ್ಲಿಂದ ಬರೋದು ಅಂದಾಗ ಮಕ್ಕಳು ಸುಮ್ಮನೆ ನಿಂತು ನೋಡಿದರು. ಬೆಂಗಳೂರಿನ ಎಷ್ಟು ಶಾಲೆಗಳು ಮಕ್ಕಳನ್ನು ತೊರೆಕಾಡನಹಳ್ಳಿಗೆ ಕರೆದುಕೊಂಡು ಹೋಗುತ್ತವೆ? ಮಳವಳ್ಳಿ ತಾಲ್ಲೂಕಿನ ಆ ಊರಿನಿಂದ ಸುಮಾರು 100 ಕಿಲೋಮೀಟರ್ ದೂರ ಪಂಪು ಮಾಡಿ ಕಾವೇರಿಯನ್ನು ನಗರಕ್ಕೆ ಏರಿಸುತ್ತಾರೆ. ನನ್ನ ನೆಂಟರ ಮಕ್ಕಳು ಬೆಂಗಳೂರಿನಲ್ಲಿ ದುಬಾರಿ ಶಾಲೆಗಳಲ್ಲಿ ಓದುತ್ತಾರೆ. ಶಾಲೆಯಿಂದ ನೀರಿನಾಟದ ಪಾರ್ಕಿಗೆ ಎರಡು ಸಲ ಹೋಗಿದ್ದಾರೆ. ತಮ್ಮ ಮನೆಗೆ ನೀರು ಎಲ್ಲಿಂದ ಬರುತ್ತೆ ಅಂದರೆ "ಟ್ಯಾಂಕಿನಿಂದ" ಅನ್ನುತ್ತಾರೆ. ತಪ್ಪು ಮಕ್ಕಳದ್ದಲ್ಲ, ಅಲ್ವಾ?

ಈ ದೇಶದ ಐದು ಡಾಲರ್ ನೋಟಿನ ಮೇಲೆ ಎಡ್ಮಂಡ್ ಹಿಲರಿಯ ಚಿತ್ರ ಇದೆ. 1953ರಲ್ಲಿ ತೇನ್‌ಸಿಂಗ್ ನೋರ್ಗೆ ಜೊತೆ ಎವರೆಸ್ಟ್ ಏರಿದ ಹಿಲರಿ ಹುಟ್ಟಿ ಬೆಳೆದದ್ದು ಆಕ್ಲೆಂಡ್ ಸೀಮೆಯಲ್ಲಿ. ಅಪ್ಪ ಜೇನು ಸಾಕುತ್ತಿದ್ದರು. ಹಿಲರಿ ದಿನಾ ರೈಲಿನಲ್ಲಿ ಗಂಟೆಗಟ್ಟಲೆ ಪ್ರಯಾಣ ಮಾಡಿ ಹೈಸ್ಕೂಲಿಗೆ ಹೋಗುತ್ತಿದ್ದ ನಾಚಿಕೆಯ ಹುಡುಗ. 1935ರಲ್ಲಿ, 16ನೇ ವಯಸ್ಸಿನಲ್ಲಿ, ಶಾಲೆಯವರ ಜೊತೆ ರುವಾಪೆಹು ಪರ್ವತಕ್ಕೆ ಹೋದ. ಪರ್ವತದ ಹುಚ್ಚು ಹತ್ತಿದ್ದು ಅಲ್ಲಿ. ಆ ಸಲ ಅವನನ್ನು ಮನೆಯವರು ಕಳಿಸದೇ ಇದ್ದಿದ್ದರೆ ಅಂತ ನಾನು ಆಗಾಗ ಯೋಚಿಸುತ್ತೇನೆ. ಎಲ್ಲ ಮಕ್ಕಳೂ ಎವರೆಸ್ಟ್ ಏರಬೇಕಿಲ್ಲ. ಆದರೆ ತನಗೆ ಏನು ಇಷ್ಟ ಅನ್ನುವುದು ಮಗುವಿಗೆ ಗೊತ್ತಾಗಬೇಕಾದರೆ ಅದು ಕಣ್ಣಿಗೆ ಬೀಳಬೇಕಲ್ಲ.

ಇದನ್ನೆಲ್ಲ ಓದಿ, ಅದು ಶ್ರೀಮಂತ ದೇಶ, ಅಲ್ಲಿ ನಡೆಯುತ್ತೆ ಅನ್ನುವವರಿದ್ದಾರೆ. ಅವರಿಗೆ ನಾನು ಎನ್ನೆಸ್ಸೆಸ್ ನೆನಪಿಸುತ್ತೇನೆ. ರಾಷ್ಟ್ರೀಯ ಸೇವಾ ಯೋಜನೆ ಶುರುವಾದದ್ದು 1969ರಲ್ಲಿ, ಗಾಂಧೀಜಿಯ ಜನ್ಮ ಶತಮಾನೋತ್ಸವದ ವರ್ಷ. ತುಮಕೂರಿನಲ್ಲಿ ಡಿಗ್ರಿ ಓದುವಾಗ ನಾನು ಅದರ ಏಳು ದಿನದ ಶಿಬಿರಕ್ಕೆ ಹೋಗಿದ್ದೆ, ಶಿರಾ ಕಡೆಯ ಒಂದು ಹಳ್ಳಿಗೆ. ಊರಿನ ಶಾಲೆಯ ಕೊಠಡಿಗಳಲ್ಲಿ ಜಮಖಾನ ಹಾಸಿ ಮಲಗುತ್ತಿದ್ದೆವು. ಬೆಳಿಗ್ಗೆ ಪ್ರಭಾತಫೇರಿ, ಆಮೇಲೆ ಶ್ರಮದಾನ. ಚರಂಡಿ ಹೂಳೆತ್ತಿದೆವು, ಇಂಗುಗುಂಡಿ ತೋಡಿದೆವು. ಅಡುಗೆಗೆ ಸರದಿ. ಸಂಜೆ ಊರವರ ಮುಂದೆ ಹಾಡು, ನಾಟಕ. ಮಗಳ ಕ್ಯಾಂಪಿನಲ್ಲಿ ಏನೇನಿತ್ತೋ ಎಲ್ಲ ಅಲ್ಲಿತ್ತು. ಕಯಾಕು ಇರಲಿಲ್ಲ, ಅಷ್ಟೇ. ಖರ್ಚೂ ಬಹಳ ಕಡಿಮೆ. ಅಂದರೆ ಶಿಬಿರ ನಡೆಸುವುದು ನಮಗೆ ಗೊತ್ತಿದೆ. 50 ವರ್ಷಕ್ಕಿಂತ ಜಾಸ್ತಿ ಕಾಲದಿಂದ ಮಾಡುತ್ತಿದ್ದೇವೆ. ಆದರೆ ಅದಕ್ಕೆ ಹುಡುಗರಿಗೆ 18 ವರ್ಷವಾಗಲಿ ಅಂತ ಯಾಕೆ ಕಾಯುತ್ತೇವೆ? ಅಷ್ಟು ಹೊತ್ತಿಗೆ ಎಷ್ಟೋ ಮಕ್ಕಳು ಓದು ಬಿಟ್ಟಿರುತ್ತಾರೆ.

ಆ ಶಿಬಿರದ ಒಂದು ಸಂಗತಿ ಹೇಳಬೇಕು. ನಮ್ಮ ಗುಂಪಿನಲ್ಲಿ ಒಬ್ಬ ಗೆಳೆಯ ಮೊದಲ ದಿನ ತನ್ನ ತಟ್ಟೆಯನ್ನು ಮಾತ್ರ ತೊಳೆದು ಬದಿಗಿಟ್ಟ. ಬೇರೆಯವರ ತಟ್ಟೆ ಮುಟ್ಟಲಿಲ್ಲ. ಯಾಕೆ ಅಂತ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಶಿಬಿರದ ಮೇಷ್ಟ್ರು ಭಾಷಣ ಮಾಡಲಿಲ್ಲ. ಮಾರನೇ ದಿನ ತಾವೇ ಪಾತ್ರೆ ರಾಶಿಯ ಮುಂದೆ ಕೂತು, ಅವನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ತಾವು ಉಜ್ಜಿ ಅವನ ಕೈಗೆ ಜಾಲಿಸಲು ಕೊಟ್ಟರು. ನಾಲ್ಕನೇ ದಿನಕ್ಕೆ ಅವನು ಎಲ್ಲರ ತಟ್ಟೆ ಉಜ್ಜುತ್ತಿದ್ದ. ಬಿಸಿಯೂಟ ನಮ್ಮ ಮಕ್ಕಳನ್ನು ಒಂದೇ ಸಾಲಿನಲ್ಲಿ ಕೂರಿಸಿದೆ. ಅದು ಸಣ್ಣ ಕೆಲಸವಲ್ಲ. ಆದರೆ ಅಡುಗೆ ಮಾಡುವವರು ಇಂಥವರು ಅಂತ ಮಕ್ಕಳನ್ನು ಊಟಕ್ಕೆ ಕಳಿಸದ ಊರುಗಳ ಸುದ್ದಿ ಈಗಲೂ ಓದುತ್ತೇವೆ. ಒಟ್ಟಿಗೆ ಬೇಯಿಸಿ, ಒಟ್ಟಿಗೆ ತಿಂದು, ಒಬ್ಬರ ಎಂಜಲು ತಟ್ಟೆ ಇನ್ನೊಬ್ಬರು ತೊಳೆದು, ಒಂದೇ ಜಮಖಾನದಲ್ಲಿ ಮಲಗಿ ಏಳುವ ಮಗು ಮನೆಗೆ ಹೋಗಿ ಪ್ರಶ್ನೆ ಕೇಳುತ್ತೆ. ಶಿಬಿರದಿಂದ ನನ್ನ ನಾಡಿಗೆ ಬೇರೇನೂ ಸಿಗದಿದ್ದರೂ ಇದೊಂದಕ್ಕೆ ಅದು ಬೇಕು. ನ್ಯೂಜಿಲೆಂಡಿನ ಮಕ್ಕಳಿಗಿಂತ ನಮ್ಮ ಮಕ್ಕಳಿಗೇ ಜಾಸ್ತಿ ಬೇಕು.

ದುಡ್ಡಿನ ಮಾತಿಗೆ ಬರುತ್ತೇನೆ, ಯಾಕೆಂದರೆ ಆ ಖಾಲಿ ಕೊಠಡಿ ನಾನು ಮರೆತಿಲ್ಲ. ಇಲ್ಲಿ ಪಠ್ಯಕ್ರಮದ ಭಾಗವಾದ ಕ್ಯಾಂಪಿಗೆ ಸರ್ಕಾರಿ ಶಾಲೆಗಳು ಕಡ್ಡಾಯ ಶುಲ್ಕ ಕೇಳುವಂತಿಲ್ಲ. ದೇಣಿಗೆ ಕೇಳಬಹುದು, ಕೊಡದವರ ಮಗುವನ್ನು ಬಿಟ್ಟು ಹೋಗುವಂತಿಲ್ಲ. ಶಾಲೆಗಳಿಗೆ ಇದು ಸುಲಭವೇನಲ್ಲ. ಹಾಗಾಗಿ ಪಾಲಕರೆಲ್ಲ ಸೇರಿ ದುಡ್ಡು ಕೂಡಿಸುತ್ತಾರೆ. ಶನಿವಾರ ಹಾರ್ಡ್‌ವೇರ್ ಅಂಗಡಿಯ ಮುಂದೆ ಒಲೆ ಹಚ್ಚಿ, ಸಾಸೇಜ್ ಸುಟ್ಟು, ಬ್ರೆಡ್ಡಿನಲ್ಲಿ ಸುತ್ತಿ ಮಾರುತ್ತಾರೆ. ನಾವು ಮಾಂಸ ಮುಟ್ಟುವವರಲ್ಲ. ಈರುಳ್ಳಿ ಹೆಚ್ಚಿ ಹುರಿಯುವ ಕೆಲಸ ನನ್ನ ಹೆಂಡತಿ ತೆಗೆದುಕೊಂಡಳು. ಒಂದು ಶನಿವಾರ ಅವಳು ಹುರಿದ ಈರುಳ್ಳಿಗೇ ಜನ ಎರಡನೇ ಸಲ ಬಂದರು. ಯಾವ ಮಗು ದುಡ್ಡು ಕೊಟ್ಟಿತು, ಯಾವುದು ಕೊಡಲಿಲ್ಲ ಅನ್ನುವುದು ಮಕ್ಕಳಿಗೆ ಗೊತ್ತೇ ಆಗಲಿಲ್ಲ.

ಇನ್ನು ಭಯ. ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. 2008ರ ಏಪ್ರಿಲ್‌ನಲ್ಲಿ ಇಲ್ಲಿನ ಟೊಂಗರಿರೊ ಪ್ರದೇಶದ ಮಾಂಗಟೆಪೊಪೊ ಕಣಿವೆಯಲ್ಲಿ ಹೊಳೆ ಹಠಾತ್ತನೆ ಉಕ್ಕಿ ಆಕ್ಲೆಂಡಿನ ಒಂದು ಶಾಲೆಯ ಆರು ಮಕ್ಕಳು, ಒಬ್ಬ ಶಿಕ್ಷಕ ಸತ್ತರು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲಿನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ನಾಲ್ಕು ಹೆಣ್ಣುಮಕ್ಕಳು ನೀರುಪಾಲಾದರು. ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಮೊದಲು ಸಮುದ್ರ ನೋಡಿದ್ದು ಅದೇ ದಡದಲ್ಲಿ. ಬಯಲುಸೀಮೆಯ ಮಕ್ಕಳು ನಾವು, ಅಲೆ ಕಂಡರೆ ಓಡುತ್ತೇವೆ. ನಮ್ಮಲ್ಲಿ ಎಷ್ಟು ಜನಕ್ಕೆ ಈಜು ಬರುತ್ತಿತ್ತು ಅಂತ ಅವತ್ತು ಯಾರೂ ಕೇಳಿರಲಿಲ್ಲ.

ಮಾಂಗಟೆಪೊಪೊ ದುರಂತದ ಆಮೇಲೆ ಈ ದೇಶ ಕ್ಯಾಂಪು ನಿಲ್ಲಿಸಲಿಲ್ಲ. ತನಿಖೆ ಆಯಿತು. ದುಡ್ಡು ತೆಗೆದುಕೊಂಡು ಸಾಹಸ ಚಟುವಟಿಕೆ ನಡೆಸುವವರು ಸುರಕ್ಷತೆಯ ತಪಾಸಣೆ ಮಾಡಿಸಿ ನೋಂದಣಿ ಆಗಲೇಬೇಕು ಅಂತ 2011ರಲ್ಲಿ ನಿಯಮ ಬಂತು. ಹಾಗಂತ ಅಪಾಯ ಪೂರ್ತಿ ಹೋಗಿಲ್ಲ. 2023ರ ಮೇ ತಿಂಗಳಲ್ಲಿ ಫಾಂಗರೆ ಊರಿನ ಹತ್ತಿರ ಗುಹೆಯಲ್ಲಿ ನೀರು ನುಗ್ಗಿ ಶಾಲೆಯ ಜೊತೆ ಹೋದ ಹುಡುಗನೊಬ್ಬ ತೀರಿಕೊಂಡ. ಆಗಲೂ ಹವಾಮಾನದ ಎಚ್ಚರಿಕೆ ಇದ್ದಾಗ ಯಾಕೆ ಹೋದಿರಿ ಅಂತ ಇಡೀ ದೇಶ ಕೇಳಿತು. ಕೇಳಬೇಕಾದದ್ದು ಅದನ್ನೇ. ಈಜು ಯಾರಿಗೆ ಬರುತ್ತೆ, ಹತ್ತು ಮಕ್ಕಳಿಗೆ ಎಷ್ಟು ದೊಡ್ಡವರಿದ್ದಾರೆ, ಮಳೆ ಬಂದರೆ ಏನು ಮಾಡುತ್ತೀರಿ. ನಮ್ಮಲ್ಲಿ ಪಾಲಕರ ಒಪ್ಪಿಗೆ ಪತ್ರ ಇರುತ್ತೆ, ಏನಾದರೂ ಆದರೆ ಶಾಲೆ ಹೊಣೆಯಲ್ಲ ಅಂತ. ನಾನು ತುಂಬಿದ ಫಾರಂ ಕೇಳಿದ್ದು ಮಗು ಎಷ್ಟು ದೂರ ಈಜುತ್ತೆ ಅಂತ. ಆ ಎರಡು ಕಾಗದಗಳ ನಡುವಿನ ವ್ಯತ್ಯಾಸ ನನಗೆ ಬಹಳ ದೊಡ್ಡದಾಗಿ ಕಾಣುತ್ತೆ.

ನನ್ನ ಅಕ್ಕ ಊರಿನ ಕಡೆಯೇ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಕ್ಯಾಂಪಿನಿಂದ ಬಂದ ವಾರ ಅವಳಿಗೆ ಫೋನ್ ಮಾಡಿ ಒಂದು ಗಂಟೆ ಇದನ್ನೇ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಅವಳು ಅಂದಳು: "ನಿನ್ನ ಕ್ಯಾಂಪಿನಲ್ಲಿ ಎಂಟು ಮಕ್ಕಳಿಗೆ ಒಬ್ಬರು ದೊಡ್ಡೋರು ಅಂತೀಯ. ನಮ್ಮಲ್ಲಿ ನಲವತ್ತಕ್ಕೆ ಒಬ್ಬಳು ನಾನು. ಅದರ ಮೇಲೆ ಗಣತಿ, ಚುನಾವಣೆ, ಮೊಟ್ಟೆ ಲೆಕ್ಕ. ಎಲ್ಲಿಂದ ಮಾಡ್ಲಪ್ಪ?" ಅವಳು ಹೇಳುವುದು ಸರಿ. ಟೀಚರುಗಳ ಬೆನ್ನ ಮೇಲೆ ಇನ್ನೊಂದು ಮೂಟೆ ಹೊರಿಸುವುದು ನನ್ನ ಉದ್ದೇಶ ಅಲ್ಲ.

ಆದರೆ ಅವಳೇ ಹೇಳಿದ ಇನ್ನೊಂದು ಸಂಗತಿ ಇದೆ. ಅವಳ ಶಾಲೆಯಲ್ಲಿ ಮಕ್ಕಳ ಸಂತೆ ಮಾಡುತ್ತಾರೆ. ಮಕ್ಕಳು ಹಿತ್ತಲಿನಿಂದ ಸೊಪ್ಪು, ನಿಂಬೆಹಣ್ಣು, ಹುಣಸೆ ತಂದು, ಗೋಣಿತಾಟು ಹಾಸಿ ಮಾರುತ್ತಾರೆ. ಊರವರು ಬಂದು ಚೌಕಾಸಿ ಮಾಡಿ ಕೊಳ್ಳುತ್ತಾರೆ. ಬೋರ್ಡಿನ ಮೇಲೆ ಕಳೆಯುವ ಲೆಕ್ಕ ತಪ್ಪು ಮಾಡುವ ಹುಡುಗ ಸಂತೆಯಲ್ಲಿ ಐವತ್ತು ರೂಪಾಯಿಗೆ ಚಿಲ್ಲರೆ ಸರಿಯಾಗಿ ಕೊಟ್ಟ ಅಂತ ಅವಳು ನಗುತ್ತಾ ಹೇಳಿದಳು. ಇದು ನ್ಯೂಜಿಲೆಂಡಿನಲ್ಲಿ ನಾನು ನೋಡಿಲ್ಲ. ಇಲ್ಲಿನ ಮಕ್ಕಳಿಗೆ ಇದನ್ನು ಕಲಿಸಬೇಕು ಅನಿಸಿತು. ಅರಣ್ಯ ಇಲಾಖೆಯ ಚಿಣ್ಣರ ವನದರ್ಶನ ಇದೆ, ಬ್ಯಾಗಿಲ್ಲದ ಸಂಭ್ರಮ ಶನಿವಾರ ಇದೆ, ಮೈಸೂರಿನ ರಂಗಾಯಣದಲ್ಲಿ ಬೇಸಿಗೆಗೆ ಚಿಣ್ಣರ ಮೇಳ ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಆರರಿಂದ ಎಂಟನೇ ತರಗತಿಯ ನಡುವೆ ಬ್ಯಾಗಿಲ್ಲದ ಹತ್ತು ದಿನ ಇರಲಿ ಅನ್ನುತ್ತದೆ. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳನ್ನು ಕುಣಿಸಿ, ಆಡಿಸಿ ಕಲಿಸಲು ಹೊರಟದ್ದು ಎಷ್ಟು ಹಿಂದೆ! ಬೀಜ ನಮ್ಮ ಹಿತ್ತಲಲ್ಲೇ ಇದೆ.

ದೂರ ಹೋಗಬೇಕಾಗಿಲ್ಲ ಅಂದೆ ಅಕ್ಕನಿಗೆ. ಬಸ್ಸು ಬೇಡ. ಕಾಡೂ ಬೇಡ. ಏಳನೇ ಕ್ಲಾಸಿನವರು ಮಾತ್ರ, ಒಂದೇ ರಾತ್ರಿ, ಶಾಲೆಯ ಅಂಗಳದಲ್ಲೇ ಉಳಿಯಲಿ. ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯಲ್ಲಿ ಇರುವ ತಾಯಂದಿರು ನಾಲ್ಕು ಜನ, ತಂದೆಯರು ನಾಲ್ಕು ಜನ ಜೊತೆಗಿರಲಿ. ಮಕ್ಕಳೇ ಅಡುಗೆಗೆ ತರಕಾರಿ ಹೆಚ್ಚಲಿ, ಮಕ್ಕಳೇ ಪಾತ್ರೆ ತೊಳೆಯಲಿ. ಹಳ್ಳಿ ಮಕ್ಕಳಿಗೆ ಸೌದೆ, ಒಲೆ, ಹಸು ಹೊಸದಲ್ಲ. ಅವರಿಗೆ ಹೊಸದು, ಎಲ್ಲರ ಎದುರು ನಿಂತು ಮಾತಾಡುವುದು. ಯಾವ ಕೇರಿಯ ಮಗು ಅಂತ ನೋಡದೆ ಪಕ್ಕದಲ್ಲಿ ಹಾಸಿಗೆ ಹಾಕುವುದೂ ಅಷ್ಟೇ ಹೊಸದು. ಹಾಗಾಗಿ ನಮ್ಮ ಶಿಬಿರ ಅದರ ಸುತ್ತಲೇ ಇರಬೇಕು. ಇಲ್ಲಿನದನ್ನು ಹಾಗೇ ನಕಲು ಮಾಡಿದರೆ ಪ್ರಯೋಜನ ಇಲ್ಲ.

"ನೋಡ್ತೀನಿ ಕಣೋ" ಅಂದಳು. ನಮ್ಮಕ್ಕ ನೋಡ್ತೀನಿ ಅಂದರೆ ಮಾಡ್ತೀನಿ ಅಂತ ಅರ್ಥ, ಸ್ವಲ್ಪ ತಡವಾಗುತ್ತೆ ಅಷ್ಟೇ.

ಒಂದೂವರೆ ವರ್ಷ ಆಯಿತು. ಹೋದ ತಿಂಗಳು ಒಂದು ಭಾನುವಾರ ಅವಳಿಂದ ವಿಡಿಯೋ ಕಾಲ್ ಬಂತು. ಮುಖ್ಯ ಶಿಕ್ಷಕರು ಒಪ್ಪಿದ್ದಾರಂತೆ, ಮೇಲಿನವರ ಅನುಮತಿಗೂ ಬರೆದಿದ್ದಾರಂತೆ. ಜನವರಿಯಲ್ಲಿ, ಸಂಕ್ರಾಂತಿ ಕಳೆದ ಮೇಲೆ. ಅವರೆಕಾಳು ಸಾರು, ಮುದ್ದೆ ಅಂತ ಊಟವೂ ನಿಕ್ಕಿಯಾಗಿದೆ. ನನ್ನ ಜೊತೆ ಎರಡು ಮಾತಾಡಿ, "ಪಾಪುನ ಕೊಡು ಮೊದ್ಲು" ಅಂದಳು. ಹಗ್ಗದ ನಡಿಗೆಯ ಬಗ್ಗೆ ಅವಳನ್ನೇ ಕೇಳಬೇಕಂತೆ. ಮಗಳು ಫೋನ್ ಹಿಡಿದು, ತನಗೆ ಬರುವ ಕನ್ನಡದಲ್ಲಿ, ಹಗ್ಗ ಎಷ್ಟು ಎತ್ತರಕ್ಕೆ ಕಟ್ಟಬೇಕು, ತಿರುವಿನಲ್ಲಿ ಗಂಟು ಯಾಕೆ ಹಾಕಬೇಕು, ದೊಡ್ಡವರು ಎಲ್ಲೆಲ್ಲಿ ನಿಲ್ಲಬೇಕು ಅಂತ ಹೇಳಿದಳು.

"ನಮ್ಮತ್ರ ಇರೋದು ಬಾವಿ ಹಗ್ಗ ಕಣಮ್ಮ. ಶಾಲೆ ಹಿಂದೆ ಬೇವಿನ ಮರದಿಂದ ಹೊಂಗೆ ಸಾಲಿನ ತನಕ ಸಾಕಾಗುತ್ತಾ?"

"ಎರಡು ಹಗ್ಗ ಸೇರಿಸಿ ಕಟ್ಟಿ ಅತ್ತೆ" ಅಂದಳು ಮಗಳು. "ಆದ್ರೆ ಗಂಟು ಗಟ್ಟಿ ಇದೆಯಾ ಅಂತ ನೀವೇ ಮೊದ್ಲು ಹಗಲಲ್ಲಿ ಹಿಡ್ಕೊಂಡು ನಡೆದು ನೋಡಿ."